ಬುಟ್ಟಿಯಲ್ಲಿ ಬಂದ ಬಿಸಿಲು

ನನ್ನ ಕಂಪ್ಯೂಟರ್ ಊಟದ ಡಬ್ಬಿಗಿಂತ ದೊಡ್ಡದಲ್ಲ. ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಟಿವಿ ಸ್ಟ್ಯಾಂಡಿನ ಒಂದು ಮೂಲೆಯಲ್ಲಿ ಅದು ಕೂತಿರುತ್ತದೆ. ಹೊಸಬರು ಬಂದರೆ ಕೇಬಲ್ ಟಿವಿಯ ಬಾಕ್ಸು ಅಂದುಕೊಳ್ಳುತ್ತಾರೆ. ಆದರೆ ಅದರ ಪಕ್ಕದ ಸಾಮಾನನ್ನು ನೋಡಿ ಸುಮ್ಮನಿದ್ದವರನ್ನು ನಾನು ಇನ್ನೂ ಕಂಡಿಲ್ಲ. ಒಂದು ಲೋಹದ ಹಲಗೆ, ಅದರ ಮೇಲೆ ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡು, ಬೆನ್ನಿಗೆ ಕರೆಂಟು ಕೊಡುವ ಪೆಟ್ಟಿಗೆ, ಅಲ್ಲಿಂದ ಸಣ್ಣ ಕಂಪ್ಯೂಟರಿಗೆ ಒಂದು ಗಿಡ್ಡ ಕೇಬಲ್ಲು. ಮೇಲೆ ಮುಚ್ಚಳವಿಲ್ಲ, ಸುತ್ತ ಗೋಡೆಯಿಲ್ಲ. ಇದಕ್ಕೆ ಡಾಕ್ ಅನ್ನುತ್ತಾರೆ. ನಮ್ಮತ್ತೆ ಮೊದಲ ದಿನ ಅದನ್ನು ನೋಡಿ, "ಇದೇನವ್ವ, ಮೈಮೇಲೆ ಬಟ್ಟೆನೇ ಇಲ್ಲ ಇದಕ್ಕೆ?" ಅಂದಿದ್ದರು.

ನಾನು ಸಿವಿಲ್ ಡಿಪ್ಲೊಮಾ ಓದಿದವಳು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸುತ್ತಮುತ್ತ ಮನೆ ಕಟ್ಟಿಸುವವರಿಗೆ, ಕಟ್ಟುವ ಮೊದಲೇ ಆ ಮನೆ ಹೇಗೆ ಕಾಣುತ್ತದೆಂದು ತೋರಿಸುವುದು ನನ್ನ ಕೆಲಸ. ಜನ ಅದನ್ನು "ತ್ರೀಡಿ" ಅನ್ನುತ್ತಾರೆ. ಮೊದಲು ಒಂದು ಚಿತ್ರ ಸಿದ್ಧವಾಗಲು ಬೆಳಗ್ಗೆ ಗುಂಡಿ ಒತ್ತಿದರೆ ಮಧ್ಯಾಹ್ನದ ಊಟ ಮುಗಿದಿರುತ್ತಿತ್ತು. ಸಣ್ಣ ಕಂಪ್ಯೂಟರಿಗೆ ಲೆಕ್ಕ ಮಾಡುವ ತಲೆ ಇದೆ, ಚಿತ್ರ ಬರೆಯುವ ಕಸುವಿಲ್ಲ. ಆ ಕಸುವು ಗ್ರಾಫಿಕ್ಸ್ ಕಾರ್ಡಿನದು. ಅದು ಡಬ್ಬಿಯೊಳಗೆ ಹಿಡಿಸುವುದಿಲ್ಲ, ಆದ್ದರಿಂದ ಹೊರಗೆ ಕೂರಿಸಿ ಕೇಬಲ್ ಹಾಕಿದ್ದೇನೆ, ಅಷ್ಟೆ.

ಹೀಗೆ ಮಾಡುತ್ತೇನೆ ಅಂದಾಗ ಚಿತ್ರದುರ್ಗದ ಕಂಪ್ಯೂಟರ್ ಅಂಗಡಿಯವರು ನಕ್ಕರು. "ಮೇಡಂ, ಅದೆಲ್ಲ ಗೇಮ್ ಆಡೋರ ಕಸರತ್ತು. ನೀವು ಸುಮ್ನೆ ದೊಡ್ಡ ಸಿಸ್ಟಮ್ ತಗಳ್ರಿ."

"ತಗಂತೀನಿ. ಅದನ್ನ ಹೊತ್ಕಂಡು ಹೊಸದುರ್ಗದ ಬಸ್ಸಿಗೆ ನೀವು ಬರ್ತೀರಾ?" ಅಂದೆ. ಅವರು ಡಾಕ್ ತರಿಸಿಕೊಟ್ಟರು. ಯಾರಾದರೂ ನಕ್ಕರೆ ನನಗೆ ಹಟ ಹೆಚ್ಚು, ಅದು ತವರಿನಿಂದ ತಂದ ಗುಣ.

ಈ ಜೋಡಿಗೆ ಒಂದೇ ಒಂದು ಕಟ್ಟಳೆ. ಮೊದಲು ಡಾಕಿನ ಸ್ವಿಚ್ ಹಾಕಬೇಕು, ಅದು ಎದ್ದ ಮೇಲೆ ಕಂಪ್ಯೂಟರ್ ಎಬ್ಬಿಸಬೇಕು. ಹಿಂದುಮುಂದಾದರೆ ಕಂಪ್ಯೂಟರಿಗೆ ಪಕ್ಕದಲ್ಲಿರುವ ಕಾರ್ಡು ಕಾಣುವುದೇ ಇಲ್ಲ. ಇದನ್ನು ಅತ್ತೆಗೆ ವಿವರಿಸಿದೆ. ಅವರು ನನ್ನನ್ನೂ ಡಾಕನ್ನೂ ಒಂದೊಂದು ಸಲ ನೋಡಿ, "ದೊಡ್ಡದು ಮೊದಲು ಏಳೋದು, ಸಣ್ಣದು ಆಮೇಲೆ. ನಮ್ಮನೆ ಪದ್ಧತಿ ಚೆನ್ನಾಗಿ ಕಲ್ತೈತೆ ಬಿಡು" ಅಂದರು. ಬೆಳಗ್ಗೆ ಅವರೇ ಮೊದಲು ಏಳುವುದು ನಿಜ. ಚಳಿಗಾಲ ಬಂದಾಗ ಕಾರ್ಡಿನ ಬಿಸಿಗಾಳಿ ಎತ್ತ ಬೀಸುತ್ತದೆ ಎಂದು ಕಂಡುಹಿಡಿದು, ದೋಸೆ ಹಿಟ್ಟಿನ ಪಾತ್ರೆಯನ್ನು ಅಲ್ಲಿಟ್ಟು ಹುಳಿ ಬರಿಸಿದವರೂ ಅವರೇ. ಹಿಟ್ಟು ಉಕ್ಕಿ ಹಲಗೆಯ ಅಂಚಿಗೆ ಬಂದ ದಿನ ನಾನು ಕೂಗಾಡಿದೆ. ದೋಸೆ ಮಾತ್ರ ಚೆನ್ನಾಗಿತ್ತು.

ಕಾರ್ಡು ಬಂದ ಮೇಲೆ ನನ್ನ ಕೆಲಸದ ರೀತಿಯೇ ಬದಲಾಯಿತು. ನಿಂತ ಚಿತ್ರದ ಬದಲು, ಮನೆಯೊಳಗೆ ನಡೆದಾಡಿದಂತೆ ತೋರಿಸಬಹುದು. ಗೋಡೆ ಬೇಡವೆಂದರೆ ಅಲ್ಲೇ ತೆಗೆಯಬಹುದು. ಎಲ್ಲಕ್ಕಿಂತ ದೊಡ್ಡದು ಸೂರ್ಯ. ನಿಂತ ಚಿತ್ರ ಮಾಡುವಾಗ ನಮ್ಮ ಕಸುಬಿನವರು ಪ್ರತಿ ಕೋಣೆಗೂ ಕಾಣದ ಹಾಗೆ ಒಂದು ದೀಪ ಇಟ್ಟುಬಿಡುತ್ತೇವೆ. ಚಿತ್ರದ ಮನೆಯಲ್ಲಿ ಕತ್ತಲೆ ಕೋಣೆ ಅಂತ ಇರುವುದೇ ಇಲ್ಲ. ಈಗ ಹಾಗಲ್ಲ. ಊರು ಯಾವುದು, ಬಾಗಿಲು ಯಾವ ದಿಕ್ಕಿಗೆ ಎಂದು ಹೇಳಿ ಪರದೆಯ ಮೇಲಿನ ಒಂದು ಪಟ್ಟಿಯನ್ನು ಎಳೆದರೆ ಬೆಳಗಿನಿಂದ ಸಂಜೆಯವರೆಗೆ ಸೂರ್ಯ ಸರಿಯುತ್ತಾನೆ. ಬಿಸಿಲು ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತದೆ.

ಹೊಸದುರ್ಗದ ಹತ್ತಿರದ ಬಾಗೂರಿನ ಕೆಲಸ ಬಂದದ್ದು ಆಗಲೇ.

ಕೊಬ್ಬರಿ ವ್ಯಾಪಾರದ ಮನೆ ಅದು. ಇರುವ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಹೊಸದು ಕಟ್ಟುವುದು, ಆಮೇಲೆ ಹಳೆಯದನ್ನು ಕೆಡವಿ ಲಾರಿ ನಿಲ್ಲುವ ಅಂಗಳ ಮಾಡುವುದು ಎಂದು ತೀರ್ಮಾನವಾಗಿತ್ತು. ಪ್ಲಾನು ಅವರ ಮೇಸ್ತ್ರಿಯದು. ನನ್ನನ್ನು ಕರೆದದ್ದು ತ್ರೀಡಿಗೆ ಮಾತ್ರ. ಜಾಗ ನೋಡಲು ಹೋದ ದಿನ ಯಜಮಾನರು ತೋಟದಿಂದ ಇನ್ನೂ ಬಂದಿರಲಿಲ್ಲ. ಹಳೆಯ ಮನೆಯ ಜಗಲಿಯ ಮೇಲೆ ಅವರ ಅಕ್ಕ ಕೂತು ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಪಂಚೆಗಳ ತುಂಡು ಜೋಡಿಸಿ ಹೊದಿಕೆ ಮಾಡುವುದು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ತಮ್ಮನ ಮಕ್ಕಳನ್ನೆಲ್ಲ ಮಡಿಲಲ್ಲಿ ಹಾಕಿಕೊಂಡು ಬೆಳೆಸಿದವರು. ಊರಿನ ಅರ್ಧ ಬಾಣಂತಿಯರು ಅವರ ಕೌದಿಯ ಮೇಲೇ ಮಲಗಿದ್ದಾರೆ ಎಂದು ಆಮೇಲೆ ತಿಳಿಯಿತು.

"ಬಾರವ್ವ, ಕುಂತ್ಕ. ಬಿಸಿಲು ಹೋಗದ್ರೊಳಗೆ ಇದೊಂದು ಎಳೆ ಮುಗುಸ್ತೀನಿ" ಅಂದರು.

"ಬಿಸಿಲು ಹೋದ್ರೆ?"

"ಸೂಜಿ ಕಣ್ಣು ಕಾಣಲ್ಲ. ಟ್ಯೂಬ್ ಲೈಟ್ ಕೆಳಗೆ ಒಂದು ಸೂಜಿಗೆ ಎರಡು ಕಣ್ಣು ಕಾಣ್ತಾವೆ, ಎರಡರಲ್ಲೂ ದಾರ ಹೋಗಲ್ಲ." ನಕ್ಕರು. ಆಮೇಲೆ ಒಳಗೆ ಯಾರಾದರೂ ಇದ್ದಾರಾ ಎಂದು ನೋಡಿ ದನಿ ತಗ್ಗಿಸಿದರು. "ಹೊಸ ಮನೇಲಿ ಜಗಲಿ ಇಲ್ವಂತೆ, ಕಾರು ನಿಲ್ಲೋ ಜಾಗವಂತೆ. ನನ್ನ ಕೋಣೆಗೆ ಬೆಳಿಗ್ಗೆ ಬಿಸಿಲು ಬರುತ್ತಾ ನೋಡಿ ಹೇಳವ್ವ. ನಾನೇ ಕೇಳಿದ್ರೆ ತಮ್ಮಂಗೆ ಬೇಜಾರಾಗುತ್ತೆ."

ನೋಡಿ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಮನೆಯಲ್ಲಿ ಪ್ಲಾನನ್ನು ಕಂಪ್ಯೂಟರಿಗೆ ಏರಿಸಿ, ಗೋಡೆ ಎಬ್ಬಿಸಿ, ಅಕ್ಕನ ಕೋಣೆಯೊಳಗೆ ನಿಂತು ಸೂರ್ಯನನ್ನು ಎಳೆದೆ. ಬೆಳಗಾಯಿತು, ಮಧ್ಯಾಹ್ನವಾಯಿತು, ಸಂಜೆಯಾಯಿತು. ಕೋಣೆಗೆ ಏನೂ ಆಗಲಿಲ್ಲ. ಪ್ಲಾನಿನಲ್ಲಿ ಪಶ್ಚಿಮಕ್ಕೆ ಕಿಟಕಿ ಇತ್ತು, ನಿಜ. ಆದರೆ ಆ ಕಿಟಕಿಯ ಮೇಲೆ ಮಹಡಿಗೆ ಹೋಗುವ ಹೊರಗಿನ ಮೆಟ್ಟಿಲು, ಆಚೆಗೆ ಪಕ್ಕದ ಮನೆಯ ಗೋಡೆ. ಎದುರಿಗೆ, ಪೂರ್ವದ ಕಡೆಯ ಕೋಣೆ ಕೊಬ್ಬರಿ ಉಗ್ರಾಣಕ್ಕೆ. ಅದರೊಳಗೆ ಬೆಳಗಿನ ಬಿಸಿಲು ಮೂಲೆಮೂಲೆಗೂ ತುಂಬುತ್ತಿತ್ತು. ನನಗೆ ಸಿಟ್ಟು ಬಂತು. ಆ ಮನೆಯವರ ಮೇಲಲ್ಲ. ಒಂದು ಜೀವ ಇಷ್ಟು ವರ್ಷ ಮನೆಯಲ್ಲಿದ್ದು, ಅದಕ್ಕೇನು ಬೇಕು ಎಂದು ಕೇಳುವುದು ಯಾರ ತಲೆಗೂ ಹೊಳೆಯದಿರುವ ರೀತಿಯ ಮೇಲೆ.

ಯಜಮಾನರಿಗೆ ಫೋನು ಮಾಡಿ, ಅಕ್ಕನ ಕೋಣೆ ಕತ್ತಲೆಯಾಗುತ್ತದೆ ಎಂದೆ. "ಟ್ಯೂಬ್ ಲೈಟ್ ಹಾಕ್ಸಿದ್ರಾತು ಬಿಡ್ರಿ ಮೇಡಂ" ಅಂದರು. "ಸೋಮವಾರ ಗುದ್ದಲಿ ಪೂಜೆ. ಈಗ ಪ್ಲಾನ್ ಮುಟ್ಟೋದು ಬ್ಯಾಡ."

ಅವರು ಕೆಟ್ಟವರಲ್ಲ. ಕತ್ತಲೆ ಎಂಬ ಮಾತು ಅವರ ಕಿವಿಗೆ ಬಿತ್ತು, ಕಣ್ಣಿಗೆ ಬೀಳಲಿಲ್ಲ. ಹಾಗಾದರೆ ಕಣ್ಣಿಗೇ ಬೀಳಿಸೋಣ ಎಂದು ನಿರ್ಧರಿಸಿದೆ. ಹೇಳಿ ಆಗದ ಕೆಲಸ ತೋರಿಸಿದರೆ ಆಗುತ್ತದೆ ಎಂಬ ನಂಬಿಕೆಯ ಮೇಲೆಯೇ ನನ್ನ ಹೊಟ್ಟೆಪಾಡು ನಡೆಯುತ್ತಿದೆ. ಕಂಪ್ಯೂಟರನ್ನು ಹೆಗಲ ಚೀಲಕ್ಕೆ ಹಾಕಿದೆ. ಡಾಕನ್ನು ಹತ್ತಿಸೀರೆಯಲ್ಲಿ ಸುತ್ತಿ ಸಂತೆಗೆ ಒಯ್ಯುವ ವೈರ್ ಬುಟ್ಟಿಯೊಳಗೆ ಕೂರಿಸಿದೆ. ಪೂಜೆಗೆ ಮೊದಲಿನ ಭಾನುವಾರ ಬೆಳಗ್ಗೆ ಹೊಸದುರ್ಗದ ಬಸ್ಸು ಹತ್ತಿದೆ.

ಕಂಡಕ್ಟರು ತೊಡೆಯ ಮೇಲಿನ ಬುಟ್ಟಿಯನ್ನು ಅನುಮಾನದಿಂದ ನೋಡಿದರು. "ಏನ್ರಿ ಅದು, ಕೋಳಿನಾ? ಕೋಳಿಗೆ ಬೇರೆ ಟಿಕೆಟ್ಟು."

"ಕೋಳಿ ಅಲ್ಲ, ಸೂರ್ಯ" ಅಂದೆ.

"ಹಂಗಾದ್ರೆ ಕಿಟಕಿ ಕಡೆ ಹಿಡ್ಕಳ್ರಿ, ಸುಟ್ಟೀತು" ಅಂದು ಮುಂದೆ ಹೋದರು. ನಮ್ಮ ಕಡೆಯ ಕಂಡಕ್ಟರುಗಳ ಬಾಯಿಗೆ ಬಾಯಿ ಕೊಟ್ಟು ಗೆದ್ದವರಿಲ್ಲ. ಗುಡ್ಡಗಳ ಮೇಲೆ ಕರೆಂಟು ಮಾಡುವ ಗಾಳಿಫ್ಯಾನುಗಳು ತಿರುಗುತ್ತಿದ್ದವು. ಹಳ್ಳ ಬಿದ್ದ ರಸ್ತೆಯಲ್ಲಿ ಬಸ್ಸು ಕುಣಿದಾಗಲೆಲ್ಲ ನಾನು ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದೆ.

ಬಾಗೂರಿನ ಹಳೆಯ ಮನೆಯ ನಡುಮನೆಯಲ್ಲಿ ಒಳ್ಳೆಯ ದೊಡ್ಡ ಟಿವಿ ಇತ್ತು. ಅದಕ್ಕೆ ನನ್ನ ಸಾಮಾನು ಜೋಡಿಸಿದೆ. ಮೊದಲು ಡಾಕು, ಆಮೇಲೆ ಕಂಪ್ಯೂಟರು. ಪರದೆಯ ಮೇಲೆ ಹೊಸ ಮನೆ ಎದ್ದು ನಿಂತಿತು. ಯಜಮಾನರು, ಅವರ ಹೆಂಡತಿ, ಮೇಸ್ತ್ರಿ ಮುಂದೆ ಕೂತರು. ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ನಾನು ಮುಂಬಾಗಿಲ ಹತ್ತಿರ ಹೋದೆನೋ ಇಲ್ಲವೋ, ಯಜಮಾನರ ಹೆಂಡತಿ "ತಡೀರಿ, ತಡೀರಿ!" ಎಂದು ಎದ್ದರು.

"ಮೊದಲನೇ ಸಲ ಹೊಸ ಮನೆಯೊಳಗೆ ಹೋಗ್ತಿದೀವಿ. ಹಂಗೇ ನುಗ್ಗದಾ?"

ತಟ್ಟೆಯಲ್ಲಿ ವಿಭೂತಿ, ಕುಂಕುಮ, ಊದಿನಕಡ್ಡಿ ಬಂದವು. ಟಿವಿಯ ಅಂಚಿಗೆ ಹಚ್ಚಿದರು, ಹಚ್ಚಲಿ ಎಂದುಕೊಂಡೆ. ಡಾಕಿನ ಕಡೆ ಕೈ ಬಂತು, ನಾನು ಅಡ್ಡ ಕೂತೆ. "ಈ ಕರೆಂಟಿನ ಪೆಟ್ಟಿಗೆ ಮೈಗೆ ಎಷ್ಟು ಬೇಕಾದ್ರೂ ಹಚ್ರಿ. ಕಾರ್ಡಿಗೆ ಮಾತ್ರ ಒಂದು ಚುಕ್ಕಿನೂ ಬ್ಯಾಡ." ಮಾತಾಡುತ್ತಿದ್ದಂತೆಯೇ ಅವರ ಬೆರಳಲ್ಲಿದ್ದ ವಿಭೂತಿಯನ್ನು ಬಿಸಿಗಾಳಿ ಹಾರಿಸಿ ಮೇಸ್ತ್ರಿಯ ಮೀಸೆಗೆ ಹಚ್ಚಿತು. ಅಕ್ಕ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ಬಲಗಾಲು ಮುಂದಿಟ್ಟು ಹೋಗಬೇಕು ಎಂದು ಅಪ್ಪಣೆಯಾಯಿತು. ಇದರೊಳಗೆ ಕಾಲೇ ಇಲ್ಲ ಎಂದರೂ ಕೇಳಲಿಲ್ಲ. ನೋಟವನ್ನು ಸ್ವಲ್ಪ ಬಲಕ್ಕೆ ವಾಲಿಸಿ ಹೊಸ್ತಿಲು ದಾಟಿಸಿದೆ. ಎಲ್ಲರಿಗೂ ಸಮಾಧಾನವಾಯಿತು.

ಪಡಸಾಲೆ ನೋಡಿದರು, ದೇವರಮನೆ ನೋಡಿದರು, ಮುಂಭಾಗದ ಕಂಬಗಳನ್ನು ಸುತ್ತು ಹಾಕಿ ನೋಡಿದರು. ಯಜಮಾನರ ಮುಖದಲ್ಲಿ ಮದುಮಗನ ಕಳೆ. ಅದೇ ಹೊತ್ತು ನೋಡಿ ಅಕ್ಕನ ಕೋಣೆಗೆ ಹೋದೆ.

ಟಿವಿ ಕಪ್ಪಾಯಿತು. ಒಂದು ಮಂಚದ ನೆರಳು ಮಾತ್ರ ಕಾಣುತ್ತಿತ್ತು.

"ಕರೆಂಟ್ ಹೋತಾ?" ಅಂದರು ಯಜಮಾನರು.

"ಇಲ್ಲ. ಇದರೊಳಗೆ ಬೆಳಿಗ್ಗೆ ಎಂಟು ಗಂಟೆ ಈಗ. ಇದು ಅಕ್ಕಾರ ಕೋಣೆ." ಸೂರ್ಯನನ್ನು ನಿಧಾನವಾಗಿ ಸಂಜೆಯವರೆಗೆ ಎಳೆದೆ. ಕಪ್ಪು ಕದಲಲಿಲ್ಲ.

ಮೇಸ್ತ್ರಿ, "ಲೈಟ್ ಪಾಯಿಂಟ್ ಎರಡು ಜಾಸ್ತಿ ಕೊಡಾಣ" ಅಂದರು. ಯಜಮಾನರ ಹೆಂಡತಿ ತಟ್ಟನೆ, "ಊಟಕ್ಕೆ ಏಳ್ರಿ, ಎಲ್ಲ ಆಮೇಲೆ" ಎಂದು ಎದ್ದರು. ಅತಿಥಿಗಳನ್ನು ಊಟಕ್ಕೆ ಎಬ್ಬಿಸುವಾಗ ನಡುಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುವುದು ಆ ಮನೆಯ ರೂಢಿ. ನಾನು ಬಾಯಿ ತೆರೆಯುವುದರೊಳಗೆ ಅವರ ಕೈ ಗೋಡೆಯ ಉದ್ದಕ್ಕೂ ಓಡಿತು. ಟಕ, ಟಕ, ಟಕ. ಡಾಕಿನ ಫ್ಯಾನು ನಿಂತಿತು. ಬೇರೆ ಪ್ಲಗ್ಗಿನಲ್ಲಿದ್ದ ಕಂಪ್ಯೂಟರು ಅರ್ಧಕ್ಕೆ ಸಿಕ್ಕಿಕೊಂಡು ಒಂದು ಸಣ್ಣ ದೀಪ ಉರಿಸುತ್ತ ಕೂತಿತು.

ಚಿತ್ರ ಬರೆಯುತ್ತಿರುವಾಗಲೇ ಕಾರ್ಡಿನ ಕರೆಂಟು ಕಿತ್ತರೆ ಏನಾಗುತ್ತದೋ ಎಂದು ನಾನು ಯಾವತ್ತೂ ಪರೀಕ್ಷೆ ಮಾಡಿರಲಿಲ್ಲ. ಕಾರ್ಡು ಸತ್ತರೆ ನನಗೆ ನಷ್ಟ. ಆದರೆ ನಾಳೆ ಗುದ್ದಲಿ ಬಿದ್ದರೆ ಅಕ್ಕನ ಬಿಸಿಲು ಹೋದಂತೆಯೇ. ಕಂಪ್ಯೂಟರಿನ ಗುಂಡಿಯನ್ನು ಒತ್ತಿ ಹಿಡಿದು ಪೂರ್ತಿ ಮಲಗಿಸಿದೆ. ಬಿಸಿಯಾದದ್ದು ಆರಲಿ ಎಂದು ಊಟಕ್ಕೆ ಕೂತೆ.

ಮುದ್ದೆ, ಅವರೆಕಾಳಿನ ಸಾರು. ಬಡಿಸಿದ್ದು ಅಕ್ಕ. ಯಜಮಾನರು ತಲೆಯೆತ್ತದೆ ಉಣ್ಣುತ್ತಿದ್ದರು. ಅಕ್ಕ ನನ್ನ ತಟ್ಟೆಗೆ ತುಪ್ಪ ಹಾಕುತ್ತ, "ಇರ್ಲಿ ಬಿಡವ್ವ. ಕೇಳಿದ್ದೇ ತಪ್ಪಾತು. ನಿನಗ್ಯಾಕೆ ಈ ತಾಪತ್ರಯ" ಅಂದರು. ಗಟ್ಟಿಯಾಗಿಯೇ ಅಂದರು. ತಮ್ಮನ ಕೈ ತಟ್ಟೆಯಲ್ಲಿ ಒಂದು ಗಳಿಗೆ ನಿಂತದ್ದನ್ನು ನಾನು ನೋಡಿದೆ. ಅಕ್ಕ ತನಗೆ ಏನೋ ಬೇಕೆಂದು ಬೇರೆಯವರ ಹತ್ತಿರ ಕೇಳಿದ್ದಾಳೆ ಎಂಬುದು ಅವರಿಗೆ ಆಗಲೇ ಗೊತ್ತಾದದ್ದು.

ಆಗ ನಾನು ಏನೂ ತಿಳಿಯದವಳಂತೆ ಕೇಳಿದೆ. "ಯಜಮಾನ್ರೇ, ನಂಗೊಂದು ಗೊತ್ತಿಲ್ಲ. ಈ ಉಂಡೆ ಕೊಬ್ಬರಿಗೆ ಬಿಸಿಲು ಎಷ್ಟೊತ್ತು ಬೇಕು?"

ವ್ಯಾಪಾರದ ಮಾತು ಬಂದರೆ ಅವರ ದನಿ ತಾನಾಗಿ ಏರುತ್ತದೆ. "ಬಿಸಿಲಾ? ಎಲ್ಲಾದ್ರೂ ಉಂಟಾ! ಅಟ್ಟದ ಮೇಲೆ, ನೆರಳಲ್ಲಿ, ಒಳಗಿನ ನೀರು ತಾನಾಗೇ ಇಂಗಿ ಒಣಗಬೇಕು. ಗಾಳಿ ಆಡಿದ್ರೆ ಸಾಕು. ನಮ್ಮ ತಾತನ ಕಾಲದಿಂದ ಹಂಗೇ. ಕೊಬ್ಬರಿಗೆ ಬಿಸಿಲು ತೋರ್ಸೋರು ಯಾರೂ ಇಲ್ಲ."

"ಓ, ಹಂಗಾ" ಅಂದೆ. ಮುದ್ದೆಯ ಕೊನೆಯ ತುತ್ತು ನುಂಗಿ ಕೈ ತೊಳೆದೆ.

ಕೇಬಲ್ಲು ಬಿಚ್ಚಿ ಮತ್ತೆ ಸಿಕ್ಕಿಸಿದೆ. ಡಾಕಿನ ಸ್ವಿಚ್ ಹಾಕಿದೆ. ಫ್ಯಾನು ಒಮ್ಮೆ ಮಿಸುಕಾಡಿತು, ನಿಂತಿತು, ಆಮೇಲೆ ತಿರುಗಿತು. ಕಂಪ್ಯೂಟರ್ ಎಬ್ಬಿಸಿದೆ. ಟಿವಿಯಲ್ಲಿ ಮನೆ ಮತ್ತೆ ಎದ್ದು ನಿಂತಾಗ ನಾನು ಒಳಗೊಳಗೇ ಅಂಗಡಿಯವರ ಮುಖ ನೆನೆಸಿಕೊಂಡೆ. ಸ್ವಿಚ್ ಬೋರ್ಡಿನ ಮುಂದೆ ನನ್ನ ಖಾಲಿ ಬುಟ್ಟಿಯನ್ನು ಒರಗಿಸಿಟ್ಟೆ, ಇನ್ನು ಯಾರೂ ಅಲ್ಲಿಗೆ ಕೈ ಹಾಕಬಾರದು.

ಈ ಸಲ ನೇರ ಉಗ್ರಾಣಕ್ಕೆ ಹೋದೆ. ಬೆಳಗಿನ ಎಂಟು ಗಂಟೆ. ಪೂರ್ವದ ಕಿಟಕಿಯಿಂದ ಬಿಸಿಲು ಧುಮುಕುತ್ತಿತ್ತು. ಅಂದಕ್ಕೆಂದು ನಾನು ಜೋಡಿಸಿಟ್ಟಿದ್ದ ಕೊಬ್ಬರಿ ಚೀಲಗಳ ಮೇಲೆ, ಚೀಲದ ನೂಲು ನೂಲು ಎಣಿಸುವಷ್ಟು ಬೆಳಕು. ಅಲ್ಲಿಂದ ಹೊರಬಿದ್ದು ಎದುರಿನ ಅಕ್ಕನ ಕೋಣೆಗೆ ಬಂದೆ. ಕತ್ತಲು. ಮತ್ತೆ ಉಗ್ರಾಣ. ಮತ್ತೆ ಕತ್ತಲು.

"ಸಾಕು ನಿಲ್ಸ್ರಿ" ಅಂದರು ಯಜಮಾನರು. ದನಿ ಸಣ್ಣದಾಗಿತ್ತು. "ಕೊಬ್ಬರಿಗೆ ಬಿಸಿಲು ಕಾಸ್ತಾ ಇದೀನಲ್ಲ ನಾನು."

ಮೇಸ್ತ್ರಿ ಅವಸರದಲ್ಲಿ, "ಅದು ಹಂಗೇ ಬರ್ಬೇಕು, ಉಗ್ರಾಣ ಪೂರ್ವಕ್ಕೇ" ಅಂದರು.

"ವಾಸ್ತುಗಾ, ಲಾರಿಗಾ?" ಎಂದು ಕೇಳಿದೆ.

ಮೀಸೆಯಲ್ಲಿ ವಿಭೂತಿ ಇನ್ನೂ ಇತ್ತು. ಅವರಿಗೂ ನಗು ತಡೆಯಲಾಗಲಿಲ್ಲ. "ಲಾರಿಗೇ ಮೇಡಂ. ಆ ಕಡೆ ಓಣಿ ಐತಲ್ಲ, ಚೀಲ ಸೀದಾ ಇಳುಸ್ಕಬಹುದು ಅಂತ."

"ಇಷ್ಟೇನಾ?" ಎಂದು ಎರಡು ಕೋಣೆಗಳನ್ನು ಅವರೆದುರಿಗೇ ಅದಲುಬದಲು ಮಾಡಿದೆ. ಚೀಲಗಳು ಪಶ್ಚಿಮಕ್ಕೆ ಹೋದವು. ಮೆಟ್ಟಿಲ ಕೆಳಗಿನ ಆ ಕಿಟಕಿ ಗಾಳಿ ಕೊಡುತ್ತದೆ, ಬಿಸಿಲು ಕೊಡುವುದಿಲ್ಲ, ಕೊಬ್ಬರಿ ಕೇಳುವುದೂ ಅದನ್ನೇ. ಮಂಚ ಪೂರ್ವಕ್ಕೆ ಬಂತು. ಚೀಲ ಇಳಿಸುವವರು ಮನೆಯ ಹಿಂದುಗಡೆಯಿಂದ ಸುತ್ತಿ ಬರಬೇಕಾಗುತ್ತದೆ ಎಂದು ಮೇಸ್ತ್ರಿ ನೆನಪಿಸಿದರು.

"ಸುತ್ತಿ ಬರ್ಲಿ" ಅಂದರು ಯಜಮಾನರು. "ಅಕ್ಕ ಇಷ್ಟು ವರ್ಷ ನಮಗೋಸ್ಕರ ಸುತ್ತಿಲ್ವಾ?" ಆಮೇಲೆ ಅಡುಗೆಮನೆಯ ಬಾಗಿಲಿನ ಕಡೆ ತಿರುಗಿ, ಸಿಟ್ಟೋ ದುಃಖವೋ ಗೊತ್ತಾಗದ ದನಿಯಲ್ಲಿ, "ಹೊರಗಿನೋರ ಹತ್ರ ಕೇಳ್ತೀಯಾ, ನನ್ನ ಹತ್ರ ಕೇಳಕ್ಕೇನಾಗಿತ್ತೇ ನಿಂಗೆ?" ಅಂದರು.

ಅಕ್ಕ ಜಗಲಿಗೆ ಹೋಗಿ ಅರ್ಧ ಹೊಲಿದ ಕೌದಿ, ಸೂಜಿ, ದಾರದುಂಡೆ ತಂದು ಟಿವಿಯ ಮುಂದೆ ನೆಲದ ಮೇಲೆ ಕೂತರು. "ಎಂಟು ಗಂಟೆಗೆ ನಿಲ್ಸು ಅದನ್ನ" ಅಂದರು ನನಗೆ. ನಿಲ್ಲಿಸಿದೆ. ಹೊಸ ಕೋಣೆಯ ಬಿಸಿಲು ಪರದೆ ತುಂಬ ಬೆಳ್ಳಗೆ ಹರಡಿತ್ತು. ಅಕ್ಕ ಸೂಜಿಯನ್ನು ಆ ಬೆಳಕಿಗೆ ಎತ್ತಿ ಹಿಡಿದು, ದಾರದ ತುದಿ ನಾಲಿಗೆಯಲ್ಲಿ ಒದ್ದೆ ಮಾಡಿ, ಒಂದೇ ಸಲಕ್ಕೆ ಪೋಣಿಸಿಬಿಟ್ಟರು.

"ಹ್ಞೂಂ" ಅಂದರು. "ಇಷ್ಟು ಬಂದ್ರೆ ಸಾಕು."

ಯಜಮಾನರು ಎದ್ದು ಹೊರಗೆ ಹೋದರು. ಅವರು ಕಣ್ಣು ಒರೆಸಿಕೊಂಡರು ಎಂದು ಅವರ ಹೆಂಡತಿ ಆಮೇಲೆ ಹೇಳಿದರು. ನಾನು ಮಾತ್ರ ಅಲ್ಲೇ, ಎಲ್ಲರೆದುರಿಗೆ, ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಸೋಮವಾರ ಗುದ್ದಲಿ ಬಿದ್ದದ್ದು ಹೊಸ ಪ್ಲಾನಿನ ಗುರುತಿನ ಮೇಲೆ.

ಗೃಹಪ್ರವೇಶಕ್ಕೆ ನನ್ನನ್ನೂ ಅತ್ತೆಯನ್ನೂ ಕರೆದಿದ್ದರು. ಎಲ್ಲರೂ ಮುಂಭಾಗದ ಕಂಬ ನೋಡುತ್ತಿದ್ದರೆ ನಾನು ಸೀದಾ ಪೂರ್ವದ ಕೋಣೆಗೆ ಹೋದೆ. ಅಕ್ಕ ಕಿಟಕಿಯ ಕೆಳಗೆ ಕಾಲು ಚಾಚಿ ಕೂತಿದ್ದರು, ತೊಡೆಯ ಮೇಲೆ ಕೌದಿ. ಬಿಸಿಲು ಬಂದಿತ್ತು. ಆದರೆ ಓಣಿಯಾಚೆಯ ತೋಟದ ಮರಗಳನ್ನು ನಾನು ಕಂಪ್ಯೂಟರಿನಲ್ಲಿ ನಿಲ್ಲಿಸಿರಲಿಲ್ಲ. ತೆಂಗಿನ ಗರಿಗಳ ನೆರಳು ಗೋಡೆಯ ಮೇಲೂ ಅವರ ಕೈಯ ಮೇಲೂ ತೂಗುತ್ತಿತ್ತು. ನಾನು ಅದನ್ನೇ ನೋಡುತ್ತಿರುವುದು ಅವರಿಗೆ ಗೊತ್ತಾಯಿತು.

"ನಿನ್ನ ಟಿವಿಯೊಳಗೆ ಇದು ಇರ್ಲಿಲ್ಲ" ಅಂದರು.

"ಇರ್ಲಿಲ್ಲ. ಅಡ್ಡ ಬರುತ್ತಾ ಅಕ್ಕ?"

"ಗಾಳಿ ಬೀಸ್ದಾಗ ಸರೀತೈತೆ. ಅಷ್ಟ್ರಲ್ಲಿ ಪೋಣಿಸ್ಕಂತೀನಿ." ಕೈಯಲ್ಲಿದ್ದ ಕೌದಿಯ ಕೊನೆಯ ಎಳೆಗೆ ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದು ನನ್ನ ಕೈಗಿಟ್ಟರು. ಸಣ್ಣ ಕೌದಿ, ಮಗುವಿಗೆ ಹೊದಿಸುವಷ್ಟು. ನಮ್ಮ ಮನೆಯಲ್ಲಿ ಮಗುವಿಲ್ಲ ಎಂದು ನಾನು ಹೇಳುವುದರೊಳಗೆ ಅವರೇ ಹೇಳಿದರು. "ಬುಟ್ಟೀಲಿ ತಂದಿದ್ಯಲ್ಲ, ಅದಕ್ಕೆ. ಪಾಪ, ಮೈಮೇಲೆ ಬಟ್ಟೆನೇ ಇರ್ಲಿಲ್ಲ."